ಪೂರ್ವದ ಗೋಡೆಯ ಹತ್ತೊಂಬತ್ತು ತೂತುಗಳು

ಸಾಬಮ್ಮ, ಗಂಡ ದಿವಂಗತ ಖಂಡೆಪ್ಪ, ವಯಸ್ಸು 68 ವರ್ಷ, ಉದ್ಯೋಗ ಒಕ್ಕಲುತನ, ಸಾಕಿನ್ ರಾವೂರ, ತಾಲ್ಲೂಕು ಚಿತ್ತಾಪುರ. ದಿನಾಂಕ 12-02-2025ರಂದು ಬೆಳಿಗ್ಗೆ 9 ಗಂಟೆ 50 ನಿಮಿಷಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನನ್ನ ಮಗ ಅಣವೀರನು ಗಾರೆ ಕೆಲಸದ ಗೌಂಡಿ ಮಜೀದಸಾಬರ ಮೇಲೆ ಕೊಟ್ಟ ದೂರು ತಪ್ಪು. ತಪ್ಪು ನಮ್ಮ ಮನೆಯದೇ.

ಊರಿನಿಂದ ಎರಡು ಕಿಲೋಮೀಟರ್ ದೂರ ನಮ್ಮ ಹೊಲದಲ್ಲಿ ಮೂರು ಖೋಲಿಯ ಕಲ್ಲಿನ ಮನೆ ಇದೆ. 1948ರ ರಜಾಕಾರರ ಗಲಾಟೆಯಲ್ಲಿ, ತೊಗರಿ ಮೊಣಕಾಲುದ್ದ ಇದ್ದಾಗ, ಆ ಹೊಲದಲ್ಲಿ ಮಧ್ಯಾಹ್ನದಿಂದ ಹೊತ್ತು ಮುಳುಗುವವರೆಗೆ ಎರಡೂ ಕಡೆಯವರು ಗುಂಡು ಹಾರಿಸಿದರು. ನನ್ನ ಅತ್ತೆ ಜಗದೇವಿಗೆ ಆಗ 17 ವರ್ಷ. ಗಾಯಗೊಂಡ ಐದು ಜನರನ್ನು ಆಕೆ ಒಳಗೆ ಎಳೆದು ಮಲಗಿಸಿದಳು. ಆ ಕಡೆಯವರು ಇಬ್ಬರು, ಈ ಕಡೆಯವರು ಮೂವರು. ಬೆಳಗಾಗುವುದರೊಳಗೆ ಇಬ್ಬರು ಸತ್ತರು, ಕಡೆಗೊಬ್ಬರಂತೆ.

ಪೂರ್ವದ ಗೋಡೆಯಲ್ಲಿ ಗುಂಡಿನ ತೂತುಗಳು ಹತ್ತೊಂಬತ್ತು. ಎಷ್ಟು ಸಲ ಸಾರಣೆ ಮಾಡಿದರೂ ಅವನ್ನು ಮುಚ್ಚುವಂತಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಚರಗದ ಎಡೆ ಚೆಲ್ಲುವ ಮೊದಲು ಒಂದೊಂದು ತೂತಿಗೂ ಒಂದು ಚಿಟಿಕೆ ಕಾಳು-ಸೊಪ್ಪಿನ ಭಜ್ಜಿ, ಒಂದು ಚೂರು ಸಜ್ಜೆ ರೊಟ್ಟಿ ಇಡುವುದು ಅತ್ತೆ ಹಾಕಿಕೊಟ್ಟ ಪದ್ಧತಿ. ಯಾವ ಗುಂಡು ಯಾರದು ಎಂದು ಹೊಸ ಸೊಸೆಯಾಗಿ ನಾನು ಕೇಳಿದ್ದೆ. "ಯಾರದರೆ ಇರ್ಲಿ, ಎಲ್ಲಾ ನಮ್ಮ ಗ್ವಾಡಿಗೇ ಬಿದ್ದಾವ" ಎಂದಿದ್ದಳು. ಇದನ್ನೆಲ್ಲ ಬರೆಯಬೇಕೇ ಎಂದು ಈ ಹೇಳಿಕೆ ಬರೆದುಕೊಳ್ಳುತ್ತಿರುವ ಮುನ್ಷಿಯವರು ಕೇಳಿದರು. ಬರೆಯಲೇಬೇಕು ಎಂದು ಹೇಳಿದ್ದೇನೆ.

ನಮ್ಮ ಹೊಲದ ಬದುವಿನಿಂದ 60 ಅಡಿಗೆ ಫರ್ಸಿ ಕಲ್ಲು ತೆಗೆಯುವ ಖಣಿ ಬಂದು ನಿಂತಿದೆ. ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆಯ ಸಾಹೇಬರು ಇಂದು 11 ಗಂಟೆಗೆ ಮನೆ ನೋಡಲು ಬರುತ್ತಾರೆ. ಆ ತೂತುಗಳನ್ನು ನೋಡಿ ಬರೆದುಕೊಂಡರೆ ಮನೆ ಉಳಿಯುತ್ತದೆ, ಇಲ್ಲವಾದರೆ ಖಣಿಯ ಪಾಲು.

ನಿನ್ನೆ, ದಿನಾಂಕ 11-02-2025ರಂದು, ಬೆಳಿಗ್ಗೆ 8 ಗಂಟೆಗೆ ನಾನು ಕಣ್ಣು ತೋರಿಸಲು ಶಹಾಬಾದಕ್ಕೆ ಹೋದೆ. ಸಂಜೆ 5 ಗಂಟೆ 40 ನಿಮಿಷಕ್ಕೆ ಹೊಲಕ್ಕೆ ಬಂದು ನೋಡಿದರೆ ಪೂರ್ವದ ಗೋಡೆ ಸುಣ್ಣ ಬಳಿದು ಕೋಳಿ ತತ್ತಿಯ ಹಾಗೆ ನುಣ್ಣಗಿತ್ತು. ಒಂದು ತೂತೂ ಇರಲಿಲ್ಲ. ನಾನು ಅಲ್ಲೇ ಕುಳಿತುಬಿಟ್ಟೆ, ಅತ್ತೆ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಸೊಸೆ ಉಮಾದೇವಿಯನ್ನು ಕೇಳಲಾಗಿ, "ದೊಡ್ಡ ಸಾಹೇಬ್ರು ಬರಾಕತ್ತಾರ ಅತ್ತಿ, ಗ್ವಾಡಿ ಹಿಂಗ ತೂತು ಬಿದ್ದು ನಿಂತ್ರ ನಮ್ಮ ಮಾನ ಏನಾಗಬೇಕು" ಎಂದಳು. ಮಜೀದಸಾಬರು ಎರಡು ಸಲ ಬೇಡವೆಂದರೂ, ನನಗೆ ತಾನೇ ಹೇಳುತ್ತೇನೆಂದು ಆಕೆಯೇ ಮಾಡಿಸಿದ್ದಾಳೆ. ಆಕೆಯದು ಕೆಟ್ಟ ಮನಸ್ಸಲ್ಲ. ಬರುವವರಿಗೆ ಮನೆ ಚೆಂದ ಕಾಣಲಿ ಎಂದು, ಅವರು ನೋಡಲು ಬರುವುದನ್ನೇ ಮುಚ್ಚಿಸಿದಳು. ಆದರೆ ಗಂಡನ ಸಿಟ್ಟಿಗೆ ಹೆದರಿ ಅವನೆದುರು ಬಾಯಿ ಬಿಡಲಿಲ್ಲ. ಗೌಂಡಿ ಬೇಕಂತಲೇ ಮುಚ್ಚಿದ್ದಾನೆ, ಅವನ ಅಜ್ಜ ಆ ಕಡೆಯವನು ಎಂದು ಅಣವೀರನು ಕೂಗಾಡಿ, ಮಾಡಿಸಿದ್ದು ಸೊಸೆ ಎಂದು ನಾನು ತಡೆದರೂ ನಂಬದೆ, ಸಂಜೆ 7 ಗಂಟೆಗೆ ಠಾಣೆಗೆ ಬಂದು ದೂರು ಬರೆಸಿದನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಬಾಯಿಂದ ಇಂಥ ಮಾತು ಬಂತಲ್ಲ ಎಂದು ನನಗೆ ನಾಚಿಕೆಯಾಯಿತು.

ಇಂದು ಬೆಳಿಗ್ಗೆ 7 ಗಂಟೆಗೆ ಮಜೀದಸಾಬರು ಉಳಿ, ಸುತ್ತಿಗೆ ಹಿಡಿದು ತಾವೇ ಹೊಲಕ್ಕೆ ಬಂದರು. "ಸಾಬವ್ವಕ್ಕಾ, ಮುಚ್ಚೀನಿ ಖರೇ, ತುಂಬಿಲ್ಲ ನೋಡ್ರಿ" ಎಂದು ಒಂದು ಕಡೆ ಮೆಲ್ಲಗೆ ತಟ್ಟಿದರು. ಸಿಮೆಂಟಿನ ಬಿಲ್ಲೆ ಕಳಚಿ ಬಿತ್ತು. ಒಳಗೆ ಬಟ್ಟೆಯ ಉಂಡೆ, ಅದನ್ನು ಎಳೆದರೆ ತೂತು ಇದ್ದ ಹಾಗೆಯೇ ಇತ್ತು. ತಮ್ಮದೇ ಹಳೆಯ ಲುಂಗಿ ಹರಿದು ಎಲ್ಲದಕ್ಕೂ ತುರುಕಿ, ಮೇಲೆ ತೆಳ್ಳಗೆ ಸಿಮೆಂಟು ಎಳೆದಿದ್ದರು. ಹೀಗೇಕೆ ಮಾಡಿದಿರಿ ಎಂದು ಕೇಳಿದೆ. "ಆ ಐದು ಮಂದ್ಯಾಗ ನಮ್ಮ ಅಜ್ಜನೂ ಒಬ್ಬ. ಮೂರು ದಿನ ನಿಮ್ಮತ್ತಿ ಕೈಯಾನ ಅಂಬಲಿ ಕುಡದು ಬದುಕ್ಯಾನ. ಆ ಗ್ವಾಡಿ ನಾ ಹೆಂಗ ಕೆಡಸ್ಲಿ ಅಕ್ಕಾ" ಎಂದರು. ಅಣವೀರನು ಅಲ್ಲಿಯೇ ನಿಂತು ಕೇಳಿದನು. ಸೊಸೆಯೂ ಆಗ ಎಲ್ಲವನ್ನೂ ಒಪ್ಪಿಕೊಂಡಳು.

9 ಗಂಟೆ 15 ನಿಮಿಷಕ್ಕೆ ಹದಿನೇಳು ತೂತು ತೆರೆದಿದ್ದವು. ಆಗ ತಮ್ಮ ಠಾಣೆಯ ಜೀಪು ಬಂದು ಮಜೀದಸಾಬರನ್ನು ಉಳಿ, ಸುತ್ತಿಗೆಯ ಚೀಲ ಸಮೇತ ಕರೆತಂದಿದೆ. ಮಗನ ಮೋಟರ್ ಸೈಕಲ್ ಮೇಲೆ ನಾನು ಬೆನ್ನ ಹಿಂದೆಯೇ ಬಂದೆ. ಅವನು ಈಗ ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ನಿಂತಿದ್ದಾನೆ. ದೂರು ಹಿಂಪಡೆಯಲು ಅವನ ಒಪ್ಪಿಗೆ ಇದೆ, ಕರೆದು ಕೇಳಬಹುದು.

ಈಗ ಸಮಯ 10 ಗಂಟೆ 20 ನಿಮಿಷ. ಠಾಣೆಯಿಂದ ಹೊಲ ಆರು ಕಿಲೋಮೀಟರ್. ಇನ್ನೂ ಎರಡು ತೂತುಗಳಿವೆ. ಅವು ಸುಣ್ಣದ ಕೆಳಗೆ ಎಲ್ಲಿವೆ ಎಂಬುದು ಮಜೀದಸಾಬರ ಕೈಗೆ ಮಾತ್ರ ಗೊತ್ತು. ಬೇರೆಯವರು ತಪ್ಪು ಜಾಗದಲ್ಲಿ ತಟ್ಟಿದರೆ ನಮ್ಮ ಕಡೆಯ ಕಲ್ಲು ಪದರು ಪದರಾಗಿ ಏಳುತ್ತದೆ. ಆದ್ದರಿಂದ ಅವರನ್ನು ಉಳಿ, ಸುತ್ತಿಗೆ ಸಮೇತ ಕೂಡಲೇ ನನ್ನ ಜೊತೆ ಕಳಿಸಿಕೊಡಬೇಕು. ಅವರು ಬರುವವರೆಗೆ ನಾನು ಈ ಬೆಂಚಿನಿಂದ ಏಳುವುದಿಲ್ಲ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12-02-2025

ಸಾಬಮ್ಮ ಇವರ ಎಡಗೈ ಹೆಬ್ಬೆಟ್ಟಿನ ಗುರುತು
ಗುರುತಿಗೆ ಸಾಕ್ಷಿ: ಅಣವೀರ ತಂದೆ ಖಂಡೆಪ್ಪ (ಸಹಿ)