ಸಾಹುಕಾರನ ಗಂಟಲಿನ ಉಂಡೆ

ಒಬ್ಬ ಸಾಹುಕಾರನಿದ್ದ. ಯಾವ ಊರವನೆಂದು ಕೇಳಬೇಡಿ. ಅವನ ಬೀಗರು ಈ ಸಭೆಯಲ್ಲೇ ಕೂತಿದ್ದರೂ ಕೂತಿರಬಹುದು, ಆಮೇಲೆ ನಾನು ಮಠ ಮುಟ್ಟುವುದು ಕಷ್ಟವಾದೀತು. ದೊಡ್ಡ ಸಾಹುಕಾರ. ಎಷ್ಟು ದೊಡ್ಡವನೆಂದರೆ, ಅವನ ಹೊಲದಲ್ಲಿ ಈ ಬದುವಿನಿಂದ ಬಿತ್ತುತ್ತ ಹೊರಟ ಕೂರಿಗೆ ಆ ಬದು ಮುಟ್ಟುವಷ್ಟರಲ್ಲಿ ಇಲ್ಲಿ ಜೋಳ ತೆನೆ ಬಿಟ್ಟಿರುತ್ತಿತ್ತು. ನಗಬೇಡಿ, ನಾನು ಕಡಿಮೆ ಮಾಡಿಯೇ ಹೇಳುತ್ತಿದ್ದೇನೆ.

ಆ ಹೊಲಕ್ಕಿಂತ ದೊಡ್ಡದು ಅವನ ಹಸಿವು. ಅವನು ಊಟಕ್ಕೆ ಕೂತನೆಂದರೆ ಒಳಗೆ ರೊಟ್ಟಿ ಬಡಿಯುವ ಸದ್ದು ಆಚೆ ಊರಿನವರೆಗೂ ಹೋಗುತ್ತಿತ್ತು. ಅಲ್ಲಿಯ ಜನ ಗುಡುಗು ಶುರುವಾಯಿತೆಂದು ಓಡಿ ಬಂದು ಕಣದ ಕಾಳು ಮುಚ್ಚುತ್ತಿದ್ದರಂತೆ. ಈ ಹಸಿವನ್ನು ಸಾಕಿ ಬೆಳೆಸಿದವಳು ಅವನ ಅಕ್ಕ, ಬಾಳವ್ವ. ತಾಯಿ ತೀರಿಕೊಂಡಾಗ ಅವನು ತೊಟ್ಟಿಲ ಕೂಸು, ಇವಳು ಇನ್ನೂ ಲಂಗ ಉಡುವ ಹುಡುಗಿ. ಇವಳೇ ನುರಿಸಿ ಉಣಿಸಿದಳು. ಅವನು ಆತುರದಲ್ಲಿ ನುಂಗಿ ನೆತ್ತಿಗೆ ಹತ್ತಿಸಿಕೊಂಡರೆ ಇವಳೇ ಬೆನ್ನು ಗುದ್ದಿ, "ಮ್ಯಾಲ ನೋಡೋ ತಮ್ಮಾ, ಹಕ್ಕಿ ಹೊಂಟೈತಿ ನೋಡು" ಎನ್ನುತ್ತಿದ್ದಳು. ಅವನು ಮೇಲೆ ನೋಡುತ್ತಿದ್ದ. ತುತ್ತು ಕೆಳಗೆ ಇಳಿಯುತ್ತಿತ್ತು. ಹಕ್ಕಿ ಮಾತ್ರ ಒಂದು ದಿನವೂ ಇರಲಿಲ್ಲ.

ಅವಳು ಮದುವೆಯಾಗಿ ಹಳ್ಳದಾಚೆಯ ಊರಿಗೆ ಹೋದಳು. ಇವನು ಬೆಳೆದು ಸಾಹುಕಾರನಾದ. ಮಕ್ಕಳಿಲ್ಲದೆ ಬಹಳ ವರ್ಷ ಕಾದ ಮೇಲೆ ಅವನ ಹೆಂಡತಿ ಶಿವಗಂಗವ್ವ ಬಸುರಿಯಾದಳು. ಬಸುರಿಯ ಉಡಿ ತುಂಬುವ ಕುಬಸದ ಕಾರ್ಯಕ್ಕೆ ಹೆಂಡತಿಯ ತವರಿನವರೆಲ್ಲ ಗಾಡಿ ಕಟ್ಟಿಕೊಂಡು ಬಂದರು. ಹೋಳಿಗೆಯ ಊಟ. ಸಾಹುಕಾರ ಬೀಗರ ನಡುವೆ ಕೂತು, ಮಡಿಸಿದ ಹೋಳಿಗೆಯನ್ನು ಮಡಿಸಿದಂತೆಯೇ ಬಾಯಿಗೆ ತುರುಕಿಕೊಂಡ. ಗಂಟಲಿಗೆ ಹತ್ತಿತು. ಕಣ್ಣು ಮೇಲಾಯಿತು. ತುಪ್ಪ ಬಡಿಸುತ್ತಿದ್ದ ಬಾಳವ್ವ ಓಡಿ ಬಂದು ಬೆನ್ನ ಮೇಲೆ ಒಂದು ಗುದ್ದು ಹಾಕಿದಳು.

"ಸಾವಕಾಶ ನುಂಗೋ ತಮ್ಮಾ, ಹೋಳಿಗಿ ಏನ್ ಓಡಿ ಹೋಗೂದಿಲ್ಲ! ಮ್ಯಾಲ ನೋಡು, ಹಕ್ಕಿ ಹೊಂಟೈತಿ."

ಪಂಕ್ತಿಯೆಲ್ಲ ನಕ್ಕಿತು. ಬೀಗರಲ್ಲೊಬ್ಬ, "ಸಾಹುಕಾರ್ರಿಗೆ ಇನ್ನೂ ಅಕ್ಕನ ಕೈತುತ್ತ ಬೇಕೇನ್ರೀ?" ಎಂದ.

ಅಷ್ಟೇ. ಹೊಡೆತವಿಲ್ಲ, ಬಡಿತವಿಲ್ಲ, ಹೊಲದ ಪಾಲಿನ ಜಗಳವೂ ಇಲ್ಲ. ಒಂದು ನಗೆ. ಸಾಹುಕಾರ ಎಂಜಲು ಕೈಯಲ್ಲೇ ಎದ್ದು ನಿಂತ. "ಇವತ್ತಿಂದ ನನಗ ಅಕ್ಕ ಅನ್ನಾಕಿ ಇಲ್ಲ. ಸತ್ತಾಳಂತ ತಿಳಕೋತೀನಿ."

ಬಾಳವ್ವ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. ತಲೆಯ ಮೇಲೆ ಸೆರಗೆಳೆದುಕೊಂಡಳು. ಉಣ್ಣದೆ ಹೋದಳು.

ಸಾಹುಕಾರ ಮತ್ತೆ ಕೂತು ಇನ್ನೊಂದು ತುತ್ತು ಇಟ್ಟ. ಇಳಿಯಲಿಲ್ಲ. ನೀರು ಕುಡಿದ. ನೀರೂ ದಾರಿ ಕೇಳಿಕೊಂಡು ಇಳಿಯಿತು. ಗಂಟಲಿನ ನಡುವೆ ಒಂದು ಉಂಡೆ ಕೂತಿತ್ತು, ನಿಂಬೆಹಣ್ಣಿನಷ್ಟು. ಮರುದಿನವೂ ಇತ್ತು. ಹುಣ್ಣಿಮೆ ಬಂತು, ಅಮಾವಾಸ್ಯೆ ಬಂತು, ಉಂಡೆ ಹೋಗಲಿಲ್ಲ. ಹೋಳಿಗೆಯ ಚೂರು ಸಿಕ್ಕಿಕೊಂಡಿದೆಯೆಂದು ಅವನ ನಂಬಿಕೆ. ದೊಡ್ಡ ಪಟ್ಟಣದ ದೊಡ್ಡ ಡಾಕ್ಟರರ ಹತ್ತಿರ ಹೋದ. ಅವರು ದೀಪ ಕಟ್ಟಿದ ನಳಿಕೆಯನ್ನು ಗಂಟಲಲ್ಲಿ ಇಳಿಸಿ, ಒಳಗಿನ ಸಂದಿಗೊಂದಿಯನ್ನೆಲ್ಲ ಸುತ್ತಾಡಿಸಿ ಹೊರಗೆ ತೆಗೆದರು.

"ಸಾಹುಕಾರ್ರ, ಒಳಗ ಏನೂ ಸಿಕ್ಕಿಲ್ಲ. ದಾರಿ ಸಾಫ್ ಐತಿ."

"ಹಂಗಾದ್ರ ನಾ ಸುಳ್ಳ ಹೇಳಾಕತ್ತೀನೇನ್ರಿ?"

"ಸುಳ್ಳಲ್ಲ. ನಿಮ್ಮ ಗಂಟಲ ಬಿಗಿ ಹಿಡದಿದ್ದು ಖರೇನ ಐತಿ. ಮನಸ್ಸಿಗೆ ಏನರ ಹತ್ತೈತೇನು? ಯಾರ ಜೋಡೀನರ ಮಾತು ಬಿಟ್ಟೀರೇನು?"

ಸಾಹುಕಾರ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ನನಗೇನ್ ಹುಚ್ಚ ಹಿಡದೈತೇನ್ರಿ? ಗಂಟಲ ತೋರಿಸಾಕ ಬಂದೇನಿ, ಮನಸ್ಸ ತೋರಿಸಾಕಲ್ಲ!"

ನೋಡಿ, ಇಲ್ಲಿ ಸ್ವಲ್ಪ ನಿಲ್ಲೋಣ. ಎಂಥ ಅದ್ಭುತ ನೋಡಿ ಈ ಶರೀರ! ನಾಲಗೆ ಹೇಳಿತು, ಅಕ್ಕ ಇಲ್ಲ ಎಂದು. ಹಮ್ಮು ಅದಕ್ಕೆ ಹೂಂಗುಟ್ಟಿತು. ಇಡೀ ಊರು ಕೇಳಿ ಸುಮ್ಮನಾಯಿತು. ಸುಮ್ಮನಾಗದ್ದು ಒಂದೇ, ಆ ಗಂಟಲು. ಯಾರ ಕೈಯಿಂದ ಮೊದಲ ತುತ್ತು ಇಳಿದಿತ್ತೋ ಅವಳನ್ನು ಇಲ್ಲವೆಂದ ಮೇಲೆ, ಇನ್ನೊಂದು ತುತ್ತಿಗೆ ನಾನು ದಾರಿ ಬಿಡುವುದಿಲ್ಲವೆಂದು ಕೂತುಬಿಟ್ಟಿತು. ಅದಕ್ಕೆ ಯಾರು ಕಲಿಸಿದರು? ಯಾವ ಗುರು ಉಪದೇಶ ಮಾಡಿದ್ದ? ನಾವು ಮರೆತೆವೆಂದು ಎದೆ ತಟ್ಟಿಕೊಂಡು ಹೇಳುವುದನ್ನು ಈ ಮೂರು ಮೊಳದ ಮಾಂಸ ನೆನಪಿಟ್ಟುಕೊಂಡಿರುತ್ತದಲ್ಲ, ಅದರ ಮುಂದೆ ನಮ್ಮ ಗುಡಿ ಗೋಪುರಗಳೂ ಸಣ್ಣವೇ.

ಸಾಹುಕಾರ ಸೊರಗಿದ. ಹೇಗೆ ಸೊರಗಿದನೆಂದರೆ, ಓಣಿಯ ತಿರುವಿನಲ್ಲಿ ಮೊದಲು ಅವನ ಅಂಗಿ ಬರುತ್ತಿತ್ತು, ಬಹಳ ಹೊತ್ತಿನ ಮೇಲೆ ಒಳಗೆ ಅವನು ಬರುತ್ತಿದ್ದ. ಗಾಳಿ ಬಿಟ್ಟರೆ ಯಜಮಾನ ಹಾರಿ ಹೋದಾನೆಂದು ಮನೆಯವರು ಬಾಗಿಲು ಹಾಕುತ್ತಿದ್ದರು. ಊರವರು ನಕ್ಕರು. ಅವನು ನಗಲಿಲ್ಲ. ಬೆಳಿಗ್ಗೆ ಎದ್ದವನೇ ಗಂಟಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಅಂಬಲಿ ಕುಡಿಯುತ್ತ ಅವನಿಗೆ ಒಂದೇ ಹೆದರಿಕೆ: ಹುಟ್ಟುವ ಕೂಸು ನಡೆಯುವುದನ್ನು ನೋಡಲು ತಾನು ಇರುತ್ತೇನೋ ಇಲ್ಲವೋ.

ಕೂಸು ಹುಟ್ಟಿತು. ಹೆಣ್ಣು. ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ನಮ್ಮ ಕಡೆಯ ಪದ್ಧತಿ ನಿಮಗೇ ಗೊತ್ತಲ್ಲ, ತಾಯಂದಿರೇ. ಹೆಸರಿಡುವವಳು ಯಾರು? ಸೋದರತ್ತೆ. ತಂದೆಯ ಅಕ್ಕ ಅಥವಾ ತಂಗಿ ಕೂಸಿನ ಕಿವಿಯಲ್ಲಿ ಕುರ್‍ ಎಂದು ಊದಿ ಹೆಸರು ಹೇಳಬೇಕು. ಆಗ ಉಳಿದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬೀಳದಿದ್ದರೆ ಅದೇನು ಹೆಸರು!

"ಬ್ಯಾರೆ ಯಾರನ್ನರ ಕರಿ" ಎಂದ ಸಾಹುಕಾರ. "ನಿನ್ನ ತಂಗಿನ್ನ ಕರಿ."

ಶಿವಗಂಗವ್ವ ಅಲ್ಲಿಯವರೆಗೆ ಗಂಡನ ಎದುರು ದನಿಯೆತ್ತಿದವಳಲ್ಲ. "ಸೋದರತ್ತಿ ಸತ್ತಿದ್ದರ ಬ್ಯಾರೇದಾಕಿನ್ನ ಕರೀತಿದ್ನಿ. ಇದ್ದಾಕಿನ್ನ ಸತ್ತಾಳಂತ ಹೇಳಿ, ಕೂಸಿನ ಕಿವ್ಯಾಗ ಮೊದಲನೇದ್ದ ಸುಳ್ಳ ಊದಾಕ ನಾ ಒಪ್ಪಂಗಿಲ್ರಿ. ಕೂಸಿಗೆ ಹೆಸರಿಲ್ಲ, ನಿಮಗ ಊಟಿಲ್ಲ. ಹಿಂಗ ಇರೂಣು."

ಅಷ್ಟು ಹೇಳಿ ಕೂಸನ್ನು ಎದೆಗೆ ಹಾಕಿಕೊಂಡಳು. ಕೂಸು ಗುಟುಕು ಗುಟುಕಾಗಿ ಹಾಲು ನುಂಗತೊಡಗಿತು. ಸಾಹುಕಾರ ಬೆಕ್ಕಸ ಬೆರಗಾಗಿ ನೋಡಿದ. ಅಂಗೈಯಷ್ಟು ಮುಖ, ಬೆರಳಿನಷ್ಟು ಗಂಟಲು. ಯಾವ ಸಿಟ್ಟೂ ಇಲ್ಲದ ಗಂಟಲು. ಹಾಲು ಹೇಗೆ ಇಳಿಯುತ್ತಿತ್ತು! ಅವನು ರುಮಾಲು ಸುತ್ತಿಕೊಂಡು, ಯಾರಿಗೂ ಹೇಳದೆ ಹಳ್ಳದ ಕಡೆ ನಡೆದ.

ನಡು ಮಧ್ಯಾಹ್ನ. ಬಾಳವ್ವ ಅಂಗಳದಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಬಾಗಿಲಲ್ಲಿ ನೆರಳು ಕಂಡು ತಲೆಯೆತ್ತಿದಳು.

"ಯಾರಪಾ ನೀ? ಯಾರ ಪೈಕಿ? ಬಿಸಲಾಗ ಯಾಕ ನಿಂತೀ, ಒಳಗ ಬಾ."

ಕೇಳಿದಿರಾ? ಬಾಗಿಲು ತುಂಬ ನಿಲ್ಲುತ್ತಿದ್ದ ತಮ್ಮ. ಅವಳಿಗೆ ಗುರುತು ಸಿಗಲಿಲ್ಲ! ಅವಳು ಸತ್ತಳೆಂದು ಇವನು ಹೇಳಿದ್ದ. ಈಗ ಅವಳ ಕಣ್ಣಿನಲ್ಲಿ ತಾನೇ ಇಲ್ಲವಾಗಿ ನಿಂತಿದ್ದ. ನಾನು ನಿನ್ನ ತಮ್ಮ ಎನ್ನಬೇಕು. ಬಾಯಿ ತೆರೆದ. "ಯ... ಯ..." ಎಂದ. ಕುಬಸದ ದಿನದಿಂದ ಆಡದ ಒಂದೇ ಒಂದು ಶಬ್ದ, ಆ ಉಂಡೆಯ ಹಿಂದೆಯೇ ಸಿಕ್ಕಿ ಕೂತಿತ್ತು. ಉಸಿರು ಕಟ್ಟಿತು. ಮುಖ ಕಪ್ಪಿಟ್ಟಿತು. ಹೊಸ್ತಿಲ ಮೇಲೆ ಕುಸಿದ.

ಬಾಳವ್ವ ಮೊರ ಎಸೆದು ಬಂದಳು. ಯಾರೋ ದಾರಿಹೋಕನೆಂದೇ ಬಂದಳು. ಬೆನ್ನಿಗೆ ಕೈ ಎತ್ತಿ ಗುದ್ದಿದಳು. ಗುದ್ದಿದ ಕೈ ಆ ಬೆನ್ನ ಮೇಲೆಯೇ ನಿಂತುಹೋಯಿತು. ಕಣ್ಣಿಗೆ ಸಿಗದ ಗುರುತು ಅಂಗೈಗೆ ಸಿಕ್ಕಿತ್ತು!

"ಮ್ಯಾಲ ನೋಡೋ ತಮ್ಮಾ... ಹಕ್ಕಿ ಹೊಂಟೈತಿ ನೋಡು."

ಅವನು ಮೇಲೆ ನೋಡಿದ. "ಯಕ್ಕಾ!" ಎಂದ.

ಎಂದ ಅಂದರೆ ಎಂದನೇ? ಗರ್ಜಿಸಿದ! ಆ ಕೂಗಿಗೆ ಊರ ಅಗಸೆಬಾಗಿಲ ಮೇಲಿನ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು, ಆ ಅಂಗಳದ ಮೇಲೆ ಕವಿದು ಹಾರಿದವು. ಒಂದು ದಿನವೂ ಇಲ್ಲದ ಹಕ್ಕಿ ಅಂದು ಆಕಾಶ ತುಂಬ ಇತ್ತು. ನಾನು ಎಷ್ಟೋ ಹೆಚ್ಚಿಗೆ ಹೇಳುತ್ತೇನೆ, ಒಪ್ಪಿದೆ. ಇದನ್ನು ಮಾತ್ರ ಎಷ್ಟು ಹೇಳಿದರೂ ಕಡಿಮೆಯೇ. ಅವನು ಅತ್ತ. ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅಳುವಿನ ಜೊತೆ ಆ ಉಂಡೆ ಬೆಲ್ಲ ನೀರಲ್ಲಿ ಕರಗಿದಂತೆ ಕರಗಿತು.

"ಎಷ್ಟ ಸೊರಗೀಯೋ, ಹುಚ್ಚಪ್ಪಾ" ಎಂದಳು ಬಾಳವ್ವ. "ಆವತ್ತಿಂದ ನನಗೂ ಕಣ್ಣಿಗೆ ಕಣ್ಣ ಹತ್ತಿಲ್ಲ. ನಾನರ ಬರಬೇಕಾಗಿತ್ತು. ಸತ್ತಾಕಿ ಹೆಂಗ ಬರ್‍ಲಿ, ಹೇಳು?"

ಅವನು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. "ಯಕ್ಕಾ, ಹಸಿವು" ಎಂದ.

ಗರಿಗರಿಯಾಗಿ ಒಣಗಿಸಿದ ಕಟಿರೊಟ್ಟಿ ಇತ್ತು, ನಂಚಿಕೊಳ್ಳಲು ಶೇಂಗಾ ಹಿಂಡಿ ಇತ್ತು. ಮುರಿದು ಕೊಟ್ಟಳು. ಇಳಿಯಿತು. ಸಲೀಸಾಗಿ ಇಳಿಯಿತು. ಆಮೇಲೆ ಆ ಮನೆಯ ಬುಟ್ಟಿ ಖಾಲಿ, ನೆರೆಮನೆಯ ಬುಟ್ಟಿ ಖಾಲಿ. ಹಳ್ಳದ ಈಚೆಯವರು ಗುಡುಗು ಕೇಳಿ ಕಾಳು ಮುಚ್ಚಿದರು. ಅದೇ ವಾರ ಕೂಸು ಹೆಸರು ಪಡೆಯಿತು. ಬಾಳವ್ವನ ಬೆನ್ನಿಗೆ ಬಿದ್ದ ಗುದ್ದುಗಳಲ್ಲಿ ಒಂದು ಗುದ್ದು, ಹೆಂಗಸರ ಸಾಲಿನಲ್ಲಿ ನುಸುಳಿ ನಿಂತ ಗಂಡಸಿನದು.

ಈಗ ನಿಮ್ಮ ಕಡೆಗೆ ಬರುತ್ತೇನೆ. ಔಷಧ ಬಿಡಿ ಎಂದು ನಾನು ಹೇಳಲಿಲ್ಲ. ಎಲ್ಲ ಬೇನೆಗೂ ಜಗಳವೇ ಮೂಲವೆಂದೂ ಹೇಳಲಿಲ್ಲ. ನೋವು ಬಂದರೆ ಮೊದಲು ಡಾಕ್ಟರರ ಹತ್ತಿರ ಹೋಗಿ. ಆದರೆ ಅವರು ಮನಸ್ಸಿಗೇನಾಗಿದೆ ಎಂದು ಕೇಳಿದಾಗ ಕುರ್ಚಿ ತಳ್ಳಿ ಏಳಬೇಡಿ. ಕೂತು ಉತ್ತರ ಕೊಡಿ. ಅಳು ಬಂದರೆ ಅಳಿ. ಗಂಡಸರೇ, ನಿಮಗೂ ಹೇಳುತ್ತಿದ್ದೇನೆ, ಮೀಸೆ ಏನೂ ಉದುರುವುದಿಲ್ಲ. ಆ ಕಂಬಕ್ಕೆ ಒರಗಿದವರು ಈ ಕಂಬದವರ ಮುಖ ಕಾಣಬಾರದೆಂದು ಇಷ್ಟು ಹೊತ್ತು ಕತ್ತು ತಿರುಗಿಸಿಕೊಂಡೇ ಕೂತಿದ್ದೀರಿ. ನಾಳೆ ಕತ್ತು ನೋವೆಂದು ನನ್ನ ಹತ್ತಿರ ವಿಭೂತಿ ಕೇಳಲು ಬರುತ್ತೀರಿ. ಕೊಡುವುದಿಲ್ಲ!

ಪ್ರಸಾದಕ್ಕೆ ಗೋಧಿ ಹುಗ್ಗಿ ಆಗಿದೆ. ಪಂಕ್ತಿಯಲ್ಲಿ ಕೂತ ಮೇಲೆ ತುತ್ತು ಎತ್ತುವ ಮೊದಲು, ಯಾರೊಡನೆ ಮಾತು ಬಿಟ್ಟಿದ್ದೀರೋ ಅವರನ್ನು ಸಂಬಂಧ ಹಿಡಿದು ಕರೆಯಿರಿ. ಹೆಸರು ಬೇಡ, ಸಂಬಂಧ. ಕಾಕಾ ಎನ್ನಿ, ಮಾವಾ ಎನ್ನಿ, ಅಕ್ಕಾ ಎನ್ನಿ. ಬಂದರೆ ಪಕ್ಕದಲ್ಲಿ ಜಾಗ ಬಿಡಿ. ಬಾರದಿದ್ದರೆ ನಾಳೆಯೂ ಕರೆಯಿರಿ. ನಾನೇ ಸೌಟು ಹಿಡಿದು ಬಡಿಸುತ್ತ ಬರುತ್ತೇನೆ. ಯಾರ ಗಂಟಲಲ್ಲಿ ಹುಗ್ಗಿ ನಿಲ್ಲುತ್ತದೋ, ಅವರ ಬೆನ್ನಿಗೆ ಗುದ್ದು ನನ್ನದು.