ಗುಳಿಗನ ಕಲ್ಲಿಗೆ ಒತ್ತು ಕೊಟ್ಟ ಏಣಿ

ಇಲ್ಲ ಮಕ್ಳೇ, ಈ ಕಾಲು ಹುಟ್ಟಿದಾಗಿಂದ ಹೀಗಲ್ಲ. ನಿಮ್ಮ ಅಜ್ಜಿಯನ್ನ ಮದುವೆಯಾಗುವಾಗ ಸಂಪಾಜೆ ಕಡೆಯ ಆ ತೋಟದಲ್ಲಿ ಮರ ಹತ್ತುವವರಲ್ಲಿ ನಾನೇ ಮುಂದು, ಬೇಕಾದರೆ ಒಳಗೆ ಹೋಗಿ ಕೇಳಿ ನೋಡಿ. ಆಗ ಕೊಡಗು ಬೇರೆಯೇ ರಾಜ್ಯ, ಮೈಸೂರಿಗೆ ಇನ್ನೂ ಸೇರಿರಲಿಲ್ಲ. ಮಳೆ ಹಿಡಿಯುವ ಮೊದಲು ಮರಗಸಿ ಮುಗಿಯಬೇಕು. ಮರಗಸಿ ಅಂದರೆ ಗೊತ್ತುಂಟಲ್ಲ, ಕಾಫಿ ಗಿಡಕ್ಕೆ ಬೆಳಕು ಬೀಳಲಿ ಅಂತ ನೆರಳಿನ ಮರದ ಕೊಂಬೆ ಕಡಿಯೋದು. ಒಂದು ಏಣಿಗೆ ಇಬ್ಬರು, ಒಬ್ಬ ಹತ್ತುವವ, ಒಬ್ಬ ಬುಡ ಹಿಡಿಯುವವ. ನನ್ನ ಏಣಿಯ ಬುಡ ಹಿಡಿಯುತ್ತಿದ್ದವ ಬಾಬು. ಅವತ್ತು ಮಂಗಳವಾರ... ಅಲ್ಲ, ಸೋಮವಾರವೇ, ನಾನು ಒಪ್ಪತ್ತು ಮಾಡಿದ್ದೆನಲ್ಲ, ಬೆಳಿಗ್ಗೆ ಬರೀ ನೀರು ಕುಡಿದು ಹೋದವ. ತೋಟದ ಧಣಿಗಳು ಬಾಬುವನ್ನ ಗೊಬ್ಬರ ಹೊರೋದಕ್ಕೆ ಕಳಿಸಿಬಿಟ್ಟರು. "ಕುಶಾಲಾ, ಮೋಡ ನೋಡು, ಆ ಹಾಲುವಾಣದ ಮರ ಒಂದು ಮುಗಿಸಿಬಿಡು" ಅಂದರು. ಆಗಲಿ ಧಣಿ ಅಂದೆ. ಹಿಂದಿನ ದಿನದ ಮಳೆಗೆ ನೆಲವೆಲ್ಲ ಜಾರುತ್ತಿತ್ತು, ಏಣಿ ನಿಲ್ಲೋದಿಲ್ಲ. ಆ ಮರದ ಬುಡದಲ್ಲೇ ಗುಳಿಗನ ಕಲ್ಲು. ನಾನು ಏನು ಮಾಡಿದೆ ಅಂದರೆ, ಹೇಳೋದಕ್ಕೆ ಈಗಲೂ ನಾಲಿಗೆ ಬರೋದಿಲ್ಲ, ಏಣಿಯ ಕಾಲನ್ನ ಆ ಕಲ್ಲಿಗೇ ಒತ್ತು ಕೊಟ್ಟು ನಿಲ್ಲಿಸಿದೆ. ದೈವದ ಕಲ್ಲು, ಮಕ್ಳೇ! ಕೈ ಕೂಡ ಮುಗಿಯಲಿಲ್ಲ. ಮೂರನೆಯ ಕೊಂಬೆಗೆ ಕತ್ತಿ ಹಾಕಿದ್ದು ನೆನಪುಂಟು. ಆಮೇಲೆ ನೆಲ, ಮತ್ತೆ ಈ ಕಾಲು ಯಾರದೋ ಕಾಲಿನ ಹಾಗೆ ಅತ್ತ ತಿರುಗಿ ಬಿದ್ದಿತ್ತು.

ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು, ಸರಿಯಾಗಿ ಕೂಡಲಿಲ್ಲ. ಇನ್ನು ಮರ ಹತ್ತೋದು ಈ ಜನ್ಮಕ್ಕಿಲ್ಲ ಅಂದರು ಡಾಕ್ಟ್ರು. ಕೂಲಿಯವರ ಲೈನು ಮನೆಯಲ್ಲಿ ಮಲಗಿ ಹೆಂಚು ನೋಡ್ತಾ ಇದ್ದೆ. ನಿಮ್ಮ ಅಜ್ಜಿಗೆ ಆರು ತಿಂಗಳು, ಹೊಟ್ಟೆಯಲ್ಲಿ ನಿಮ್ಮ ಅಪ್ಪ. ಧಣಿಗಳು ಕೆಟ್ಟವರಲ್ಲ, ನೋಡಿ, ವಾರ ವಾರ ಅಕ್ಕಿ ಕಳಿಸುತ್ತಿದ್ದರು. ಆದರೆ ತೋಟದ ಲೆಕ್ಕ ಬರೆಯುವ ರೈಟರು ಪೌಲಣ್ಣ ಒಂದು ದಿನ ಬಂದು ಹಾಸಿಗೆ ಹತ್ತಿರ ಕೂತರು. "ಕುಶಾಲಣ್ಣ, ಅಕ್ಕಿ ಅವರ ಮನಸ್ಸು. ಮನಸ್ಸು ನಾಳೆ ಬದಲಾದರೆ? ಕೆಲಸದಲ್ಲಿದ್ದಾಗ ಬಿದ್ದವನಿಗೆ ಪರಿಹಾರ ಕೊಡಬೇಕು ಅಂತ ಕಾನೂನೇ ಉಂಟು. ಬಾಯಲ್ಲಿ ಕೇಳಿದರೆ ಆಗೋದಿಲ್ಲ, ಮಡಿಕೇರಿಗೆ ಅರ್ಜಿ ಹೋಗಬೇಕು" ಅಂತ ಅವರೇ ಬರೆದರು, ನಾನು ಹೆಬ್ಬೆಟ್ಟು... ಅಲ್ಲ ಅಲ್ಲ, ರುಜುವೇ ಹಾಕಿದೆ, ನಾಲ್ಕನೇ ಕ್ಲಾಸು ಓದಿದವ ನಾನು. ಅರ್ಜಿ ಹೋದ ಸುದ್ದಿ ಧಣಿಗಳಿಗೆ ಮುಟ್ಟಿತು. ಲೈನಿನ ಬಾಗಿಲಿಗೆ ಬಂದು ನಿಂತರು, ಒಳಗೆ ಬರಲಿಲ್ಲ. "ನಾನು ಕಳಿಸಿದ ಅಕ್ಕಿ ಸಾಕಾಗಲಿಲ್ವಾ ಕುಶಾಲಾ? ನನ್ನನ್ನ ಕಚೇರಿ ಮೆಟ್ಟಿಲು ಹತ್ತಿಸ್ತೀಯಾ?" ಅಷ್ಟೇ. ಆಮೇಲೆ ಅಕ್ಕಿ ಬರ್ತಿತ್ತು, ಮಾತು ಬರಲಿಲ್ಲ. ಅದೇ ಹೆಚ್ಚು ಸುಟ್ಟದ್ದು ನನ್ನನ್ನ.

ವಿಚಾರಣೆಗೆ ಅಂತ ಮಡಿಕೇರಿಗೆ ಹೋಗುವ ಬಸ್ಸಿನಲ್ಲಿ ನಿಮ್ಮ ಅಜ್ಜಿ ಕಿವಿಯಲ್ಲಿ, "ಹೇಳಿದ್ದು ನೆನಪುಂಟಲ್ಲ? ಅಲ್ಲಿ ಗುಳಿಗನ ಸುದ್ದಿ ಎತ್ತಬೇಡಿ. ಬಿದ್ದೆ ಅಂತ ಹೇಳಿ, ಬಾಯಿ ಮುಚ್ಚಿ. ದೈವ ಬೀಳಿಸಿತು ಅಂದರೆ ದೈವದ ಹತ್ತಿರವೇ ಹೋಗಿ ಕೇಳು ಅಂತಾರೆ" ಅಂದಳು. ಬುದ್ಧಿ ನೋಡಿ ಅವಳದ್ದು! ನಾನೂ ಹೂಂ ಅಂದೆ. ಆದರೆ ಅಲ್ಲಿ ಏನಾಯ್ತು ಅಂದರೆ, ಧಣಿಗಳನ್ನೂ ಕರೆಸಿದ್ದರು, ಅರ್ಜಿ ವಿಚಾರಿಸುವ ಸಾಹೇಬರ ಮುಂದೆ ನನ್ನಿಂದ ದೇವರ ಮೇಲೆ ಪ್ರಮಾಣ ಮಾಡಿಸಿದರು. ಪ್ರಮಾಣ ಮಾಡಿದ ಮೇಲೆ ಬಾಯಿ ನನ್ನದಾ? "ಹೇಗೆ ಬಿದ್ದೆ?" ಅಂದರು. "ಗುಳಿಗನ ಕಲ್ಲಿಗೆ ಏಣಿ ಒತ್ತು ಕೊಟ್ಟೆ ಸಾಮಿ, ಅದಕ್ಕೆ ಬಿದ್ದೆ, ತಪ್ಪು ನನ್ನದೇ" ಅಂದುಬಿಟ್ಟೆ. ಬಾಗಿಲ ಹತ್ತಿರ ನಿಮ್ಮ ಅಜ್ಜಿ ಹಣೆ ಚಚ್ಚಿಕೊಂಡಳು. ಸಾಹೇಬರು ಧಣಿಗಳ ಕಡೆ ತಿರುಗಿದರು. "ಇವನು ಹೇಳಿದ್ದು ಕೇಳಿದಿರಲ್ಲ, ಮರ ಹತ್ತೋದಕ್ಕೆ ನೀವು ಹೇಳಿದ್ದಾ, ಇವನಾಗಿ ಹತ್ತಿದ್ದಾ?"

"ನಾನು ಹೇಳಿಲ್ಲ" ಅಂತ ಧಣಿಗಳು ಅಂದಿದ್ದರೆ ಮುಗಿದಿತ್ತು ಮಕ್ಳೇ. ಮರ ಹತ್ತೋದಕ್ಕೆ ಹೇಳುವಾಗ ಅಲ್ಲಿ ಇದ್ದದ್ದು ನಾವಿಬ್ಬರೇ. ಧಣಿಗಳು ಕೂತಲ್ಲಿಂದ ಎದ್ದರು. ನನ್ನ ಕಾಲು ನೋಡಿದರು. "ನಾನೇ ಹೇಳಿದ್ದು" ಅಂದರು. "ಏಣಿ ಹಿಡಿಯುವವನನ್ನ ಗೊಬ್ಬರಕ್ಕೆ ಕಳಿಸಿದ್ದೂ ನಾನೇ. ಹಿಡಿಯಲು ಒಂದು ಜನ ಇದ್ದಿದ್ದರೆ ಇವನು ಆ ಕಲ್ಲು ಮುಟ್ಟುತ್ತಿರಲಿಲ್ಲ. ಗುಳಿಗನಿಗೆ ಸಿಟ್ಟು ಬಂದದ್ದಾದರೆ ಅದು ನನ್ನ ಮೇಲೆ ಬರಬೇಕಿತ್ತು." ಅಷ್ಟರಲ್ಲಿ ಬಾಗಿಲಿಂದ ನಿಮ್ಮ ಅಜ್ಜಿ, ಯಾರೂ ಕೇಳದೆ, "ಒಪ್ಪತ್ತು ಅಂತ ಖಾಲಿ ಹೊಟ್ಟೆಯಲ್ಲಿ ಬಿಟ್ಟದ್ದು ನಾನು ಸಾಮಿ, ತಲೆ ತಿರುಗಿರಬೇಕು!" ಅಂತ ಅಳೋದಕ್ಕೆ ಶುರು. ಸಾಹೇಬರು ಪೆನ್ನು ಕೆಳಗಿಟ್ಟು ನಕ್ಕರು. "ತಪ್ಪು ನನ್ನದು ಅಂತ ಮೂರು ಜನ ಜಗಳ ಮಾಡೋದನ್ನ ನಾನು ಇವತ್ತೇ ನೋಡಿದ್ದು. ಗುಳಿಗನ ಹತ್ತಿರ ನೀವು ಊರಲ್ಲಿ ಮಾತಾಡಿಕೊಳ್ಳಿ. ಯಾರ ತಪ್ಪು ಅಂತ ಈ ಕಾನೂನು ಕೇಳೋದಿಲ್ಲಮ್ಮಾ." ಮತ್ತೆ ನನ್ನ ಕಡೆ ತಿರುಗಿ, "ಕುಡಿದಿದ್ದೆಯಾ?" ಶಿವ ಶಿವಾ, ಇಲ್ಲ ಸಾಮಿ ಅಂದೆ. "ಹತ್ತಬೇಡ ಅಂದದ್ದನ್ನ ಮೀರಿ ಹತ್ತಿದ್ದಾ?" ಧಣಿಗಳೇ ಇಲ್ಲ ಅಂದರು. "ಕೆಲಸಕ್ಕೆ ಹತ್ತಿದ, ಕೆಲಸದಲ್ಲಿ ಬಿದ್ದ. ಮುಗೀತು." ಅವರ ಹತ್ತಿರ ಒಂದು ಪುಸ್ತಕ ಇತ್ತು, ಕೈಗೆ ಇಷ್ಟು, ಕಣ್ಣಿಗೆ ಇಷ್ಟು, ಹೆಬ್ಬೆರಳಿಗೂ ಇಷ್ಟು ಅಂತ. ಡಾಕ್ಟ್ರ ಕಾಗದ ಪಕ್ಕಕ್ಕಿಟ್ಟು ನನ್ನ ಕಾಲಿಗೆ ಎಷ್ಟು ಅಂತ ಅದರಲ್ಲಿ ನೋಡಿ ಬರೆದರು. ಕೂಲಿಯವನ ಹೆಬ್ಬೆರಳನ್ನೂ ಯಾರೋ ಕೂತು ಯೋಚನೆ ಮಾಡಿದ್ದಾರಲ್ಲ ಅಂತ ನನಗೆ ಕಣ್ಣು ತುಂಬಿತು.

ಆ ದುಡ್ಡಲ್ಲಿ ಹಾಲು ಕರೆಯುವ ಹಸು ಬಂತು, ನಿಮ್ಮ ಅಪ್ಪ ಅದರ ಹಾಲು ಕುಡಿದೇ ಬೆಳೆದದ್ದು. ನನಗೆ ಕಣದಲ್ಲಿ ಕೂತು ಕಾಫಿ ಆರಿಸುವ ಕೆಲಸ ಕೊಟ್ಟರು ಧಣಿಗಳು. ಮಡಿಕೇರಿಯಿಂದ ಬಂದ ಮರುದಿನವೇ ನನ್ನನ್ನ ಕರೆದುಕೊಂಡು ಆ ಮರದ ಬುಡಕ್ಕೆ ಹೋದರು. ಗುಡ್ಡ ಇಳಿಯುವಾಗ ನನ್ನ ರಟ್ಟೆ ಹಿಡಿದವರು ಅವರೇ. ಗುಳಿಗನಿಗೆ ಕಾಯಿ ಒಡೆದು, ಒಂದು ಹೋಳು ನನ್ನ ಕೈಗೆ ಕೊಟ್ಟರು. "ಇನ್ನು ಏಣಿ ಹಿಡಿಯುವವನನ್ನ ಎಲ್ಲಿಗೂ ಕಳಿಸೋದಿಲ್ಲ ಕುಶಾಲಾ" ಅಂದರು, ಅದು ನನಗೆ ಹೇಳಿದ್ದೋ ಕಲ್ಲಿಗೆ ಹೇಳಿದ್ದೋ. ಅದಕ್ಕೇ ಮಕ್ಳೇ, ಯಾರಾದರೂ ಬಿದ್ದರೆ ಯಾಕೆ ಬಿದ್ದೆ ಅಂತ ಮೊದಲೇ ಕೇಳಬೇಡಿ. ಎಬ್ಬಿಸಿ ಕೂರಿಸಿ, ಊಟ ಆಯ್ತಾ ಕೇಳಿ.