ಹಲಗೆಯ ಕೆಳಗಿನ ಲೈವ್

ದೀಪ ಉರಿಯಲಿ, ಬಿಡಿ. ಆರಿಸಿದರೆ ಆಮೇಲೆ ಎದ್ದು ಹಚ್ಚುವ ಧೈರ್ಯ ನಿಮಗಿರುವುದಿಲ್ಲ.

ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಎಲ್ಲರೂ ಅವನನ್ನು ತಂತಿ ಅನ್ನುತ್ತಾರೆ. ಹೆಗಲ ಮೇಲೆ ಸದಾ ಒಂದು ಸುರುಳಿ ವೈರು. ಸಭೆ, ಮದುವೆ, ಪಂದ್ಯ... ಎಲ್ಲಿ ಲೈವ್ ವಿಡಿಯೊ ಕೈಕೊಟ್ಟರೂ ತಂತಿಗೆ ಫೋನು. ಇಲ್ಲಿ ಕ್ಯಾಮೆರಾ ಓಡುತ್ತಿರುತ್ತದೆ. ವಿಡಿಯೊ ಕಳಿಸುವ ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿರುತ್ತದೆ. ನೋಡುವವರ ಫೋನಿನಲ್ಲಿ ಮಾತ್ರ ಏನೂ ಇಲ್ಲ. ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿ ಬಿಡಿಸುವುದು ಅವನ ಹೊಟ್ಟೆಪಾಡು.

ಆ ರಾತ್ರಿ ಹತ್ತೂವರೆ. ಕೆಲಸ ಮುಗಿಸಿ ನಡೆದು ಬರುತ್ತಿದ್ದ. ಬೀದಿಯ ತಿರುವಿನಲ್ಲಿ ಒಂದು ಹಾಳು ಬಾವಿ. ಮೇಲೆ ಕಬ್ಬಿಣದ ಜಾಲರಿ. ಗಾಳಿಗೆ ಅದು ಕಿರ್... ಕಿರ್... ಅನ್ನುತ್ತದೆ. ತಂತಿ ಹುಟ್ಟು ಪುಕ್ಕಲ. ಉಸಿರು ಬಿಗಿಹಿಡಿದು ಓಡಿದ. ಓಡಿ ಹೋಗಿ ಒಂದು ಬೈಕಿನ ದೀಪಕ್ಕೆ ಎದುರಾದ.

ಬಾವಿ ಅವನಿಗೆ ಏನೂ ಮಾಡಲಿಲ್ಲ. ಮನುಷ್ಯರು ಮಾಡಿದರು.

ಬೈಕಿನ ಮೇಲೆ ಅಳಿಯ ಕೂತಿದ್ದ. ಕಾಳಗದ ಹಾಲ್ ನಡೆಸುವ ಯಜಮಾನನ ಮಗಳ ಗಂಡ. ಊರಿಗೆಲ್ಲ ಅವನು ಅಳಿಯನೇ.

"ಬೈಕ್ ಹತ್ತು."

"ಏನಾಯ್ತಣ್ಣ?"

"ಲೈವ್ ಬರ್ತಿಲ್ಲ."

"ಬೆಳಿಗ್ಗೆ ಬರ್ತೀನಿ. ಮನೇಲಿ ಕಾಯ್ತಿರ್ತಾರೆ..."

"ಹತ್ತು ಅಂದೆ."

ತೊಡೆಯ ಮೇಲೆ ಅಡ್ಡಲಾಗಿ ಕಬ್ಬಿಣದ ಪೈಪು. ತಂತಿ ಹತ್ತಿದ.

ಹಾಲ್ ಇದ್ದದ್ದು ಒಂದು ಗೋದಾಮಿನ ನೆಲಮಾಳಿಗೆಯಲ್ಲಿ. ನಡುವೆ ಮೊಣಕಾಲೆತ್ತರದ ಮರದ ಕಟ್ಟೆ, ಸುತ್ತ ಹಗ್ಗ, ಹಲಗೆಗಳ ಮೇಲೆ ದಪ್ಪ ಕ್ಯಾನ್ವಾಸು. ಅದರ ಮೇಲೆ ಇಬ್ಬರು ಬರಿಗೈಯಲ್ಲಿ ಹೊಡೆದಾಡುತ್ತಾರೆ. ಬಿದ್ದವನನ್ನೂ ಹೊಡೆಯಬಹುದು. ಒಳಗೆ ಕೂತು ನೋಡುವವರು ಯಾರೂ ಇಲ್ಲ. ಎಲ್ಲ ಲೈವ್‌ನಲ್ಲೇ. ಹನ್ನೊಂದು ತಿಂಗಳ ಹಿಂದೆ ಅಲ್ಲೊಬ್ಬ ಹುಡುಗ ಏಟು ತಿಂದು ಸತ್ತಿದ್ದ. ಹಾಲ್‌ಗೆ ಬೀಗ ಬಿತ್ತು. ಅದೇ ವಾರ ಅಲ್ಲಿನ ಕ್ಯಾಮೆರಾದವನೂ ಕಾಣೆಯಾದ. ಹೆದರಿ ಊರು ಬಿಟ್ಟ ಅಂದರು. ವಿಡಿಯೊ ತೆಗೆಯುವಾಗ ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದ, ಹಾಗಾಗಿ ಅವನಿಗೆ ಒಕ್ಕಣ್ಣ ಎಂದೇ ಹೆಸರು. ತಂತಿಗೆ ಕೆಲಸ ಕಲಿಸಿದವನು ಅವನೇ.

ಬೀಗ ತೆಗೆದ ಮೇಲೆ ಮೊದಲ ರಾತ್ರಿ ಅದು.

ತಂತಿ ಒಳಗೆ ಕಾಲಿಟ್ಟಾಗ ಕಾಳಗ ನಡೆಯುತ್ತಲೇ ಇತ್ತು. ಬೋಳುತಲೆಯವನೊಬ್ಬ ಇನ್ನೊಬ್ಬನ ಎದೆಯ ಮೇಲೆ ಕೂತು ಬಾರಿಸುತ್ತಿದ್ದ. ಧಪ್. ಧಪ್. ಆಮೇಲೆ ಲಟ್... ದವಡೆ.

"ನಿಲ್ಸ್ರೋ!" ಯಜಮಾನ ಕೂಗಿದ. "ಯಾರಿಗೂ ಕಾಣಿಸದ ಹೊಡೆದಾಟ ಯಾಕೆ? ಹಲ್ಲು ಉಳಿಸ್ಕೊಳ್ಳಿ, ಆಮೇಲೆ ಬೇಕಾಗತ್ತೆ."

ಅರವತ್ತು ದಾಟಿದ ಆಸಾಮಿ. ಬಿಳಿ ಶರ್ಟು, ಕೈಯಲ್ಲಿ ಸುತ್ತಿಗೆ. ಹಗ್ಗದ ಗೂಟ ಬಿಗಿಮಾಡುವ ಸುತ್ತಿಗೆ ಅದು, ಆದರೆ ಯಾವಾಗಲೂ ಅವನ ಕೈಯಲ್ಲೇ.

"ಬಾ ಡಾಕ್ಟ್ರೇ," ಅಂದ. "ರೋಗಿ ಅಲ್ಲಿದೆ. ಹನ್ನೊಂದು ಗಂಟೆಗೆ ದೊಡ್ಡ ಕಾಳಗ. ನಲವತ್ತು ಸಾವಿರ ಜನ ಕಾಯ್ತಿದ್ದಾರೆ. ಅದರಲ್ಲಿ ಹತ್ತು ಜನ, ನಾನೂ ಎದ್ದು ನಿಂತು ಮಾತಾಡಬೇಕಾದವರು. ಅರ್ಥ ಆಯ್ತಾ?"

"ಆಯ್ತು ಯಜಮಾನರೆ."

"ಬರದಿದ್ರೆ ಅವರಿಗೆ ನಾನು ಏನಾದರೂ ತೋರಿಸಬೇಕಾಗತ್ತೆ. ನಿನ್ನ ಕೈ ತೋರಿಸ್ತೀನಿ."

ತಂತಿ ಮಂಡಿಯೂರಿ ಕೂತ. ವೈರು ಬದಲಿಸಿದ. ಪೆಟ್ಟಿಗೆ ಆರಿಸಿ ಹಚ್ಚಿದ. ನೆಟ್ ವೇಗ ನೋಡಿದ, ಚೆನ್ನಾಗಿತ್ತು. ಹಾಲ್‌ನ ಪುಟವನ್ನು ಲ್ಯಾಪ್‌ಟಾಪಿನಲ್ಲಿ ತೆರೆದ. ಕಪ್ಪು ಚೌಕ. ಅದರ ಕೆಳಗೆ ಜನರ ಬೈಗುಳ ಸರಸರ ಏರುತ್ತಿತ್ತು. 'ಕತ್ತಲೆ ಮಾರೋಕೆ ಕೂತಿದ್ದೀರಾ?' 'ಕರೆಂಟ್ ಬಿಲ್ ಕಟ್ರೋ.'

ಪೆಟ್ಟಿಗೆಯ ಮೇಲೆ ಬಿಳಿ ಟೇಪು ಅಂಟಿಸಿತ್ತು. ಅದರಲ್ಲಿ ಒಕ್ಕಣ್ಣನ ಕೈಬರಹದಲ್ಲಿ ಉದ್ದನೆಯ ಗುಪ್ತ ಸಂಖ್ಯೆ. ಲೈವ್ ಕಳಿಸುವವರು ಅದಕ್ಕೆ ಕೀ ಅನ್ನುತ್ತಾರೆ. ಆ ಕೀ ಇದ್ದರೆ ಮಾತ್ರ ವಿಡಿಯೊ ಪುಟದೊಳಗೆ ಹೋಗುತ್ತದೆ. ತಂತಿ ಅದನ್ನು ಮತ್ತೆ ಹಾಕಿದ. ಒಂದು ಸಾಲು ಮೂಡಿತು.

ಈ ಕೀ ಬಳಕೆಯಲ್ಲಿದೆ.

ತಪ್ಪಿರಬೇಕೆಂದು ಮತ್ತೆ ಹಾಕಿದ. ಅದೇ ಸಾಲು.

"ಯಜಮಾನರೆ... ಬೇರೆ ಯಾರೋ ಇದೇ ಕೀಯಿಂದ ಲೈವ್ ಕಳಿಸ್ತಿದ್ದಾರೆ. ಒಂದು ಕೀಗೆ ಒಬ್ಬರೇ. ಅವರು ನಿಲ್ಲಿಸೋ ತನಕ ನಮ್ಮದು ಒಳಗೆ ಹೋಗಲ್ಲ."

"ಕಾಣಿಸ್ತಿರೋದು ಕತ್ತಲೆ. ಯಾವನು ಕತ್ತಲೆ ಕಳಿಸ್ತಾನೆ?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋಕೆ ನಿನ್ನ ಕರೆಸ್ಬೇಕಿತ್ತಾ?"

ಯಜಮಾನ ಕಣ್ಸನ್ನೆ ಮಾಡಿದ. ಅಳಿಯ ತಂತಿಯ ಎಡಗೈ ಹಿಡಿದು ಪೆಟ್ಟಿಗೆಯ ಅಂಚಿಗೆ ಒತ್ತಿದ. ಕಿರುಬೆರಳು. ಸೌದೆ ಕಡ್ಡಿ ಮುರಿದ ಹಾಗೆ ಚಟ್ ಅಂತು. ತಂತಿಯ ಕಣ್ಣು ಕತ್ತಲಿಟ್ಟಿತು. ಬಾಯಿಗೆ ಅಳಿಯನ ಅಂಗೈ ಅಡ್ಡ ಇತ್ತು, ಕೂಗು ಒಳಗೇ ಉಳಿಯಿತು.

"ಇನ್ನೂ ಒಂಬತ್ತಿವೆ," ಯಜಮಾನ ಹೇಳಿದ. "ಗಡಿಯಾರಾನೂ ಇದೆ."

"ಕೀ... ಕೀ ಬದಲಿಸಬಹುದು," ತಂತಿ ಬಿಕ್ಕಿದ. "ಹೊಸದು ಮಾಡಿದ್ರೆ ಹಳೇದು ಸಾಯತ್ತೆ. ಪಾಸ್‌ವರ್ಡ್ ಕೊಡಿ."

ಮಾವ ಅಳಿಯ ಮುಖ ಮುಖ ನೋಡಿಕೊಂಡರು.

ಪಾಸ್‌ವರ್ಡ್ ಅವರ ಹತ್ತಿರ ಇರಲಿಲ್ಲ. ಇಂಥ ಕಡೆ ಹೀಗೇ. ಪುಟ ಮಾಡಿಕೊಟ್ಟವನ ಹೆಸರಲ್ಲೇ ಎಲ್ಲ ಇರುತ್ತದೆ, ಯಾರೂ ಕೇಳಿಟ್ಟುಕೊಳ್ಳುವುದಿಲ್ಲ. ಟೇಪಿನ ಮೇಲೆ ಕೀ ಇದೆಯಲ್ಲ, ಸಾಕು ಅಂದುಕೊಂಡಿದ್ದರು.

"ಪರವಾಗಿಲ್ಲ," ಅಂದ ತಂತಿ. ಬೆರಳು ಉಳಿಸಿಕೊಳ್ಳುವುದೊಂದೇ ಅವನ ತಲೆಯಲ್ಲಿ. "ಮರೆತಿದೆ ಅಂತ ಒತ್ತಿದ್ರೆ ಫೋನಿಗೆ ಓಟಿಪಿ ಬರತ್ತೆ. ಕೊನೆಯಲ್ಲಿ ಎಂಟು ನಾಲ್ಕು ಇರೋ ನಂಬರು. ಯಾರದು?"

ಯಜಮಾನ ಸುತ್ತಿಗೆಯನ್ನು ಇನ್ನೊಂದು ಕೈಗೆ ಬದಲಿಸಿದ.

ತಂತಿಗೆ ಆ ನಂಬರು ಬಾಯಿಪಾಠ. ಒಕ್ಕಣ್ಣನದು. ಗೊತ್ತಾಗುವಷ್ಟರಲ್ಲಿ ಬೆರಳು ಗುಂಡಿ ಒತ್ತಿಯಾಗಿತ್ತು.

ಓಟಿಪಿ ಹೊರಟಿತು...

ಆಮೇಲೆ ಕಟ್ಟೆಯ ಹಲಗೆಗಳ ಕೆಳಗಿಂದ, ಸಣ್ಣಗೆ, ಸ್ಪಷ್ಟವಾಗಿ...

ಟಿಣ್.

ಬೋಳುತಲೆಯವನು ಕಟ್ಟೆಯ ಮೇಲಿಂದ ಕೆಳಕ್ಕೆ ಹಾರಿದ. "ಕೆಳಗೆ ಯಾರಿದ್ದಾರೆ?" ಎಂದ. ಮಾವ ಅಳಿಯರ ಮುಖ ನೋಡಿದ. ತನ್ನಿಂದ ಒದೆ ತಿಂದವನನ್ನೇ ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಬುದ್ಧಿವಂತ.

ಯಜಮಾನ ತಂತಿಯ ಕಡೆ ಬಗ್ಗಿದ. ಪಿಸುದನಿ.

"ಏನಾದ್ರೂ ಕೇಳಿಸ್ತಾ?"

"ಇಲ್ಲ."

"ಏನು ಕೇಳಿಸಲಿಲ್ಲ?"

"ಏನೂ... ಏನೂ ಕೇಳಿಸಲಿಲ್ಲ ಯಜಮಾನರೆ."

"ಜಾಣ."

ಅಷ್ಟಕ್ಕೆ ಮುಗಿದಿದ್ದರೆ ತಂತಿಯನ್ನು ಮನೆಗೆ ಬಿಟ್ಟು ಕಳಿಸುತ್ತಿದ್ದರೇನೋ. ಆದರೆ ಅಳಿಯನ ನಾಲಗೆಗೆ ಮೂಳೆ ಇರಲಿಲ್ಲ.

"ಮಾವ, ಅದನ್ನ ಒಡೆದಿದ್ವಲ್ಲ! ನೀವೇ ಒಡೆದ್ರಿ. ಮೊದಲು ಅವನ ತಲೆ, ಆಮೇಲೆ ಫೋನು..."

"ಮುಚ್ಚೋ ಬಾಯಿ, ಮುಠ್ಠಾಳ!"

ಆಡಿದ ಮಾತು ಆಡಿಯಾಗಿತ್ತು. ಯಜಮಾನ ನಿಧಾನಕ್ಕೆ ತಂತಿಯನ್ನು ನೋಡಿದ. ಆ ನೋಟದಲ್ಲಿ ಕೋಪ ಇರಲಿಲ್ಲ. ಕೆಲಸ ಹೆಚ್ಚಾಯಿತಲ್ಲ ಎಂಬ ಬೇಸರ, ಅಷ್ಟೇ. ತಂತಿಗೆ ಗೊತ್ತಾಯಿತು. ಇನ್ನು ಬೆರಳಿನ ಲೆಕ್ಕವಲ್ಲ, ಜೀವದ್ದು.

"ಮೊದಲು ಅದನ್ನ ತಾ," ಯಜಮಾನ ಅಳಿಯನಿಗೆ ಹೇಳಿದ. "ಆಮೇಲೆ ಇವನು."

ತಂತಿಗೆ ಓಡಲು ದಾರಿಯಿಲ್ಲ. ಮೆಟ್ಟಿಲಿಗೂ ಅವನಿಗೂ ನಡುವೆ ಸುತ್ತಿಗೆ. ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು. ಹೆಡ್‌ಫೋನು ಕಿವಿಗಿಟ್ಟು, ಪುಟದ ಆ ಕಪ್ಪು ಚೌಕದ ಶಬ್ದ ಏರಿಸಿದ. ಇಷ್ಟು ಹೊತ್ತು ಅದಕ್ಕೆ ಶಬ್ದ ಇರಬಹುದು ಎಂದೇ ಅವನಿಗೆ ಹೊಳೆದಿರಲಿಲ್ಲ.

ಇತ್ತು.

ಕೆಳಗಿನಿಂದ ಕೇಳಿದ ಹಾಗೆ, ಹಲಗೆಯಾಚೆಯ ಮಾತು. ಮಂದವಾಗಿ... 'ಮುಚ್ಚೋ ಬಾಯಿ, ಮುಠ್ಠಾಳ!' ಆಮೇಲೆ 'ಮೊದಲು ಅದನ್ನ ತಾ. ಆಮೇಲೆ ಇವನು.'

ಲೈವ್ ಅನ್ನುತ್ತಾರೆ, ಆದರೆ ಯಾವ ಲೈವೂ ಆ ಕ್ಷಣದ್ದಲ್ಲ. ಚಿತ್ರ, ದನಿ ಎರಡೂ ಸುತ್ತಿ ಬರಲು ಹೊತ್ತು ಬೇಕು. ತಂತಿ ಅದೇ ಕಸುಬಿನ ಮನುಷ್ಯ, ಆ ಭಯದಲ್ಲೂ ಎಣಿಸಿದ. ಒಂಬತ್ತು ಸೆಕೆಂಡು. ಇಲ್ಲಿ ಆಡಿದ ಮಾತು ಒಂಬತ್ತು ಸೆಕೆಂಡಿಗೆ ನಲವತ್ತು ಸಾವಿರ ಕಿವಿಗೆ ಬೀಳುತ್ತಿತ್ತು. ಬೈಗುಳದ ಸಾಲು ನಿಂತೇ ಹೋಗಿತ್ತು. ಒಬ್ಬ ಬರೆದಿದ್ದ: 'ಯಾರ ತಲೆ?'

ತಂತಿ ಬಾಯಿ ಬಿಡಲಿಲ್ಲ. ಹೇಳಿದ್ದರೆ ಯಜಮಾನ ಪೆಟ್ಟಿಗೆಯ ಜತೆ ಅವನನ್ನೂ ಅಲ್ಲೇ ಒಡೆದು ಹಾಕುತ್ತಿದ್ದ.

ಅಳಿಯ ಕ್ಯಾನ್ವಾಸು ಸೀಳಿದ. ಸರ್ರ್... ಹಾರೆ ಹಾಕಿ ಮೊದಲ ಹಲಗೆ ಎಬ್ಬಿಸಿದ. ಮೊಳೆ ಕಿತ್ತು ಬರುವಾಗ ಕಿಂಯ್ ಅಂತ ಕಿರುಚಿತು. ಎರಡನೇ ಹಲಗೆ. ಮೂರನೇದು ಕಿತ್ತಾಗ ಹಾರೆ ಯಾವುದೋ ವೈರಿಗೆ ತಾಗಿತು. ಫಟ್! ಹಾಲ್ ಪೂರ್ತಿ ಕತ್ತಲೆ. ಲ್ಯಾಪ್‌ಟಾಪಿನ ಬೆಳಕೊಂದೇ ಉಳಿಯಿತು, ಅದಕ್ಕೆ ತಂತಿಯ ಫೋನಿನ ನೆಟ್ ಇತ್ತು.

"ಮಾವ, ಏನೂ ಕಾಣ್ತಿಲ್ಲ. ಫೋನು ಬೈಕಲ್ಲೇ ಬಿಟ್ಟೆ."

"ಇಳಿಯೋ. ಕೈಯಾಡಿಸಿ ಹುಡುಕು."

"ವಾಸನೆ..."

"ಹೂವಿಟ್ಟು ಮಲಗಿಸಿದ್ವಾ? ಇಳಿ."

ಅಳಿಯ ತೆವಳಿಕೊಂಡು ಒಳಗೆ ಹೋದ. ಮಣ್ಣು ಕೆರೆಯುವ ಶಬ್ದ. ಕರ... ಕರ... ಯಜಮಾನ ಕಂಡಿಯ ಬಾಯಲ್ಲಿ ಸುತ್ತಿಗೆ ಹಿಡಿದು ನಿಂತ.

ಆಗ ಪುಟದ ಕಪ್ಪು ಚೌಕದಲ್ಲಿ ಬೆಳಕು ಮೂಡಿತು.

ಮೊದಲು ಒಂದು ಕೆನ್ನೆ. ಮಣ್ಣು ಮೆತ್ತಿದ ಕೆನ್ನೆ. ಆಮೇಲೆ ಹಣೆ. ಹಣೆಯ ಬಲಗಡೆ ಒಳಕ್ಕೆ ಕುಸಿದಿತ್ತು, ನೆಗ್ಗಿದ ತಟ್ಟೆಯ ಹಾಗೆ. ಒಂದು ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಇನ್ನೊಂದು ತೆರೆದಿತ್ತು. ಮುಖ ಮೇಲಕ್ಕೆ ಬರುತ್ತಿತ್ತು... ಬರುತ್ತಲೇ ಇತ್ತು...

"ಅಣ್ಣಾ," ಅಂದ ತಂತಿ. ತನಗೇ ತಿಳಿಯದೆ.

ಯಜಮಾನ ತಿರುಗಿ ತೆರೆ ನೋಡಿದ. ನೋಡಿ, ಮನುಷ್ಯರದಲ್ಲದ ದನಿಯಲ್ಲಿ ಕಿರುಚತೊಡಗಿದ. ಅದೇ ಹೊತ್ತಿಗೆ ಕಂಡಿಯಿಂದ ಒಂದು ತಲೆ ಮೇಲೆದ್ದಿತು. ಬಾಯಿ ಏನೋ ಹೇಳುತ್ತಿತ್ತು. ಆ ಕಿರುಚಾಟದಲ್ಲಿ ಏನೂ ಕೇಳಿಸಲಿಲ್ಲ.

ಸುತ್ತಿಗೆ ಇಳಿಯಿತು. ಧಪ್.

"ಆಫ್ ಮಾಡು ಅಂದೆ! ಆ ಹುಡುಗ ಸಾಯ್ತಿದ್ದಾನೆ, ಆಫ್ ಮಾಡು ಅಂದೆ! ವೈರು ಕಿತ್ತರೆ ಫೋನಲ್ಲಿ ತೆಗಿತೀಯಾ?"

ಧಪ್.

"ಒಂದ್ಸಲ ಸತ್ತವನು ಸುಮ್ಮನೆ ಬಿದ್ದಿರೋಕಾಗಲ್ವಾ?"

ಮೂರನೆಯ ಏಟಿಗೆ ಶಬ್ದ ಬೇರೆ. ಒದ್ದೆ ಚೀಲಕ್ಕೆ ಹೊಡೆದ ಹಾಗೆ. ತಂತಿಯ ಮುಖಕ್ಕೆ ಬೆಚ್ಚಗಿನದೇನೋ ಸಿಡಿಯಿತು. ಹಿಂದಕ್ಕೆ ಬಿದ್ದ. ಹೆಡ್‌ಫೋನಿನ ವೈರು ಕಿತ್ತು ಬಂತು. ಲ್ಯಾಪ್‌ಟಾಪಿನ ಶಬ್ದ ಹಾಲ್‌ಗೆಲ್ಲ ಕೇಳುವಂತಾಯಿತು.

ಯಜಮಾನ ಏದುಸಿರು ಬಿಡುತ್ತ ನಿಂತಿದ್ದ. ಶರ್ಟು ಬಿಳಿಯಾಗಿ ಉಳಿದಿರಲಿಲ್ಲ.

ಆಗ ಲ್ಯಾಪ್‌ಟಾಪಿನಿಂದ ಒಂದು ಕಿರುಚಾಟ. ಅದು ಅವನದೇ. ಅದರ ಅಡಿಯಿಂದ, ಫೋನಿನ ತೀರ ಹತ್ತಿರದಿಂದ, ಇನ್ನೊಂದು ದನಿ. ತಣ್ಣಗೆ, ಖುಷಿಯಿಂದ...

'ಮಾವ, ಸಿಕ್ತು. ಹಿಡ್ಕೊಳ್ಳಿ, ಮೇಲೆ ಬರ್ತೀನಿ.'

ಧಪ್.

ಯಜಮಾನ ಕೆಳಗೆ ನೋಡಿದ.

ಧಪ್.

ಸುತ್ತಿಗೆ ಕೈಯಿಂದ ಜಾರಿತು. ಬಾಗಿ ಕಂಡಿಗೆ ಕೈಹಾಕಿ ಆ ತಲೆಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡ. "ಅಳಿಯಂದ್ರೇ," ಅಂದ. ಅಷ್ಟು ವರ್ಷದಲ್ಲಿ ಅವನು ಅಳಿಯನನ್ನು ಮರ್ಯಾದೆಯಿಂದ ಕರೆದದ್ದು ಅದೊಂದೇ ಸಲ. ಮೂರನೆಯ ಧಪ್ ಲ್ಯಾಪ್‌ಟಾಪಿನಲ್ಲಿ ಆಗ ಬಂತು.

ತಂತಿ ಎದ್ದ. ಯಾರೂ ಅವನನ್ನು ತಡೆಯಲಿಲ್ಲ. ಮೆಟ್ಟಿಲು ಹತ್ತುವಷ್ಟರಲ್ಲಿ ಹೊರಗೆ ಪೊಲೀಸರ ಜೀಪು ನಿಂತಿತ್ತು. ನಲವತ್ತು ಸಾವಿರ ಜನ ಕೇಳಿದ್ದರಲ್ಲ, ನೂರಾರು ಫೋನು ಹೋಗಿತ್ತು.

ಹಲಗೆಯ ಕೆಳಗೆ ಒಕ್ಕಣ್ಣ ಸಿಕ್ಕಿದ. ಸಿಕ್ಕಿದ್ದು ಮೂಳೆ, ಬಟ್ಟೆ. ಮುಖ ಅನ್ನುವುದು ಇರಲಿಲ್ಲ. ಫೋನು ಅಳಿಯನ ಮುಷ್ಟಿಯಲ್ಲಿತ್ತು. ಗಾಜು ಪುಡಿಪುಡಿ, ಬ್ಯಾಟರಿ ಉಬ್ಬಿ ಒಡೆದು ತುಕ್ಕು ಹಿಡಿದಿತ್ತು. ಆ ಫೋನು ಹನ್ನೊಂದು ತಿಂಗಳಿಂದ ಸತ್ತಿದೆ ಎಂದು ಪರೀಕ್ಷೆ ಮಾಡಿದವರು ಬರೆದುಕೊಟ್ಟರು. ಯಜಮಾನ ಎಲ್ಲ ಒಪ್ಪಿಕೊಂಡ. ಈಗಲೂ ಜೈಲಿನಲ್ಲಿದ್ದಾನೆ. ಒಂದು ಮಾತು ಕೇಳಿದರೆ ಒಂಬತ್ತು ಎಣಿಸುವಷ್ಟು ಹೊತ್ತು ಬಿಟ್ಟು ಉತ್ತರ ಕೊಡುತ್ತಾನಂತೆ. ಅದು ಜನರ ಮಾತು. ನಾನು ನೋಡಿಲ್ಲ.

ತಂತಿ ಕಂಡದ್ದನ್ನು ಮಾತ್ರ ಹೇಳುತ್ತೇನೆ.

ಕೋರ್ಟಿಗೆ ಬೇಕೆಂದು ಪೊಲೀಸರು ಆ ಲೈವ್‌ನ ದಾಖಲೆ ತರಿಸಿದರು. ಓದಿ ಹೇಳಲು ತಂತಿಯನ್ನೇ ಕೂರಿಸಿದರು. ಬೆರಳಿಗೆ ಪಟ್ಟಿ ಕಟ್ಟಿಕೊಂಡು ಹೋಗಿದ್ದ. ಲೈವ್ ಶುರುವಾದದ್ದು ಆ ಹುಡುಗ ಸತ್ತ ರಾತ್ರಿ. ನಡೆದದ್ದು ಹನ್ನೊಂದು ತಿಂಗಳು, ನಾಲ್ಕು ದಿನ. ಒಂದು ಕ್ಷಣವೂ ಕಡಿದಿಲ್ಲ.

ಪಕ್ಕದಲ್ಲಿ ಇನ್ನೊಂದು ಕಾಲಮು. ನೋಡುತ್ತಿದ್ದವರು ಎಷ್ಟು ಜನ ಅಂತ. ಕೊನೆಯ ರಾತ್ರಿ ನಲವತ್ತು ಸಾವಿರ. ಅದಕ್ಕೆ ಮುಂಚೆ ಪ್ರತಿದಿನ, ಪ್ರತಿ ಗಂಟೆ, ಬರೀ ಕತ್ತಲೆ ಇದ್ದ ಅಷ್ಟೂ ಹೊತ್ತು...

ಒಬ್ಬರು.

ಯಾರು ಅಂತ ನನ್ನನ್ನು ಕೇಳಬೇಡಿ, ಹೆಸರು ಅದರಲ್ಲಿರಲಿಲ್ಲ. ಸುಳ್ಳು ಅಂತಲೂ ಅನ್ನಬೇಡಿ. ಆ ಕಾಗದ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ.